ತೂತು ಆರಿಂಚು, ಚೀಲವೂ ಆರಿಂಚು

ಮಕ್ಕಳೇ, ಮನೆಯಲ್ಲಿ ಒಂದು ರಬ್ಬರ್ ಚೆಂಡು, ಎರಡು ಹಿಡಿ ಕಡಲೆಕಾಳು, ಒಂದು ಹಳೆಯ ಕಾಲುಚೀಲ ಇದ್ದರೆ ತನ್ನಿ. ಕಾಳನ್ನು ಕಾಲುಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಈಗ ಚೆಂಡನ್ನೂ ಕಾಳಿನ ಗಂಟನ್ನೂ ಎದೆಯ ಎತ್ತರದಿಂದ ನೆಲಕ್ಕೆ ಬಿಡಿ. ಚೆಂಡು ಪುಟಿದು ಪುಟಿದು ಮಂಚದ ಕೆಳಗೆ ಹೋಗಿ ಸೇರುತ್ತದೆ. ಗಂಟು ದೊಪ್ಪೆಂದು ಬಿದ್ದಲ್ಲೇ ಕೂರುತ್ತದೆ.

ಬಿದ್ದ ಎತ್ತರ ಒಂದೇ, ನೆಲ ಮುಟ್ಟುವ ಹೊತ್ತಿಗೆ ಇದ್ದ ವೇಗವೂ ಹೆಚ್ಚುಕಡಿಮೆ ಒಂದೇ. ಆಮೇಲೆ ಯಾಕೆ ಈ ವ್ಯತ್ಯಾಸ? ಚೆಂಡು ನೆಲಕ್ಕೆ ಬಡಿದಾಗ ಒಂದು ಕ್ಷಣ ಚಪ್ಪಟೆಯಾಗಿ, ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ಮರಳುವಾಗ ನೆಲವನ್ನು ಒದ್ದು ಮೇಲೇಳುತ್ತದೆ. ಕಾಳಿನ ಗಂಟಿನೊಳಗೆ ನಡೆಯುವುದೇ ಬೇರೆ. ನೂರಾರು ಕಾಳುಗಳು ಒಂದನ್ನೊಂದು ತಳ್ಳುತ್ತವೆ, ಉಜ್ಜುತ್ತವೆ, ಜಾಗ ಬದಲಿಸುತ್ತವೆ. ಬೀಳುವಾಗ ಇದ್ದ ಚಲನಶಕ್ತಿಯೆಲ್ಲ ಈ ಉಜ್ಜಾಟದಲ್ಲೇ ಶಾಖವಾಗಿ, ಸದ್ದಾಗಿ ಖರ್ಚಾಗುತ್ತದೆ. ಮೇಲೇಳಲು ಏನೂ ಉಳಿಯುವುದಿಲ್ಲ.

ಪುಟಿಯದ ಈ ಗುಣವನ್ನೇ ನಂಬಿಕೊಂಡು ಅಮೆರಿಕದಲ್ಲಿ ಒಂದು ಆಟ ಬೆಳೆದಿದೆ. ಹೆಸರು ಕಾರ್ನ್‌ಹೋಲ್. ಓಹಿಯೋ ರಾಜ್ಯದ ಸಿನ್ಸಿನಾಟಿ ನಗರದ ಸುತ್ತಮುತ್ತ ಇದರ ಹುಚ್ಚು ಬಹಳ. ಆ ದೇಶದಲ್ಲಿ ನೆಲೆಸಿರುವ ನಿಮ್ಮ ನೆಂಟರು ಯಾರಾದರೂ ಇದ್ದರೆ ಕೇಳಿ ನೋಡಿ, ಬೇಸಿಗೆಯಲ್ಲಿ ಅಕ್ಕಪಕ್ಕದವರ ಹಿತ್ತಲಲ್ಲಿ ಒಮ್ಮೆಯಾದರೂ ಆಡಿರುತ್ತಾರೆ. ಓರೆಯಾಗಿ ನಿಲ್ಲಿಸಿದ ಒಂದು ಹಲಗೆ, ಅದರಲ್ಲೊಂದು ದುಂಡು ತೂತು. ದೂರದಿಂದ ಕಾಳಿನ ಚೀಲ ಎಸೆಯಬೇಕು. ಚೀಲ ಹಲಗೆಯ ಮೇಲೆ ನಿಂತರೆ 1 ಅಂಕ, ತೂತಿನೊಳಗೆ ಬಿದ್ದರೆ 3 ಅಂಕ. ಇಷ್ಟೇ ಆಟ.

ಇಷ್ಟೇ ಆಟಕ್ಕೆ ನಿಯಮಪುಸ್ತಕ ಬೇಕೆ ಎಂದು ನಿಮಗೆ ಅನ್ನಿಸಬಹುದು. ಬೇಕು. ಅಮೆರಿಕನ್ ಕಾರ್ನ್‌ಹೋಲ್ ಲೀಗ್ ಎಂಬ ಸಂಸ್ಥೆ 2015ರಲ್ಲಿ ಶುರುವಾಗಿ, ಈಗ ಇದರ ಪಂದ್ಯಗಳು ಟಿವಿಯಲ್ಲಿ ಬರುತ್ತವೆ, ಗೆದ್ದವರಿಗೆ ದುಡ್ಡು ಸಿಗುತ್ತದೆ. ಇದನ್ನು ನಡೆಸುವ ಸಂಸ್ಥೆಗಳು ಇನ್ನೂ ಕೆಲವಿವೆ. ಅವುಗಳ ಲೆಕ್ಕದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ವ್ಯತ್ಯಾಸವಿದ್ದರೂ ಮುಖ್ಯ ಅಳತೆಗಳು ಒಂದೇ. ನಿಯಮಪುಸ್ತಕ ಓದುವುದು ಬೇಸರದ ಕೆಲಸ ಎಂದುಕೊಂಡವರು ಇದನ್ನು ಓದಬೇಕು. ಪ್ರತಿ ಅಳತೆಗೂ ಪಕ್ಕದಲ್ಲೇ ಒಂದು 'ಯಾಕೆ' ಕೂತಿರುತ್ತದೆ.

ಹಲಗೆಯಿಂದ ಶುರುಮಾಡೋಣ. ಉದ್ದ 48 ಇಂಚು, ಅಗಲ 24 ಇಂಚು, ಅಂದರೆ ನಾಲ್ಕಡಿಗೆ ಎರಡಡಿ. ನಯವಾಗಿ ಉಜ್ಜಿದ ಪ್ಲೈವುಡ್. ತೂತಿನ ವ್ಯಾಸ 6 ಇಂಚು. ತೂತಿನ ನಡುಬಿಂದು ಹಲಗೆಯ ಮೇಲಂಚಿನಿಂದ 9 ಇಂಚು ಕೆಳಗೆ, ಎರಡು ಪಕ್ಕಗಳಿಂದಲೂ 12 ಇಂಚು ಒಳಗೆ ಇರಬೇಕು. ಹಲಗೆಯ ಹಿಂಭಾಗ ನೆಲದಿಂದ 12 ಇಂಚು ಎತ್ತರ, ಮುಂಭಾಗ 3ರಿಂದ 4 ಇಂಚು.

ಈಗ ಒಂದು ಲೆಕ್ಕ. ಹಲಗೆಯ ವಿಸ್ತೀರ್ಣ 48 × 24 = 1152 ಚದರ ಇಂಚು. ತೂತಿನ ತ್ರಿಜ್ಯ 3 ಇಂಚು, ಹಾಗಾಗಿ ಅದರ ವಿಸ್ತೀರ್ಣ 3.14 × 3 × 3, ಸುಮಾರು 28 ಚದರ ಇಂಚು. ಅಂದರೆ ಹಲಗೆಯ 41 ಪಾಲಿನಲ್ಲಿ ಒಂದೇ ಪಾಲು ತೂತು! ಅಷ್ಟು ಚಿಕ್ಕ ಗುರಿಗೆ 3 ಅಂಕ ಮಾತ್ರ ಕೊಡುವುದು ಅನ್ಯಾಯವಲ್ಲವೇ?

ಅಲ್ಲ. ಚೀಲ ಜಾರುತ್ತದಲ್ಲ, ಅಲ್ಲಿದೆ ಗುಟ್ಟು. ಬಿದ್ದ ಚೀಲ ಪುಟಿಯುವುದಿಲ್ಲ ಎಂದೆ, ಆದರೆ ಅದು ಮುಂದಕ್ಕೆ ಹೋಗುವ ವೇಗವನ್ನು ಒಮ್ಮೆಲೇ ಕಳೆದುಕೊಳ್ಳುವುದೂ ಇಲ್ಲ. ಹಲಗೆಯ ಮೇಲೆ ಸರ್ರನೆ ಜಾರುತ್ತಾ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಪಳಗಿದ ಆಟಗಾರ ಗುರಿಯಿಡುವುದು ಹೆಚ್ಚಿನ ಸಲ ತೂತಿಗಲ್ಲ, ತೂತಿನ ಮುಂದಿರುವ ಜಾಗಕ್ಕೆ. ಆ ನೇರದಲ್ಲಿ ಸ್ವಲ್ಪ ಹಿಂದೆ ಬಿದ್ದರೂ ಸರಿ, ಸ್ವಲ್ಪ ಮುಂದೆ ಬಿದ್ದರೂ ಸರಿ, ಚೀಲ ಜಾರಿಕೊಂಡು ಹೋಗಿ ತೂತಿಗೆ ಬೀಳುತ್ತದೆ. ಒಂದು ಚುಕ್ಕೆಯಂತಿದ್ದ ಗುರಿ ಹೀಗೆ ಒಂದು ಪಟ್ಟಿಯಷ್ಟು ದೊಡ್ಡದಾಗುತ್ತದೆ. ಹಲಗೆಯನ್ನು ಮುಟ್ಟದೆ ನೇರವಾಗಿ ತೂತಿಗೆ ಇಳಿಸುವ ಎಸೆತವೂ ಇದೆ. ಅದಕ್ಕೆ ಏರ್‌ಮೇಲ್ ಅನ್ನುತ್ತಾರೆ. ಎದುರಾಳಿಯ ಚೀಲ ತೂತಿನ ಮುಂದೆ ಅಡ್ಡ ಕೂತಾಗ ಏರ್‌ಮೇಲ್ ಬೇಕಾಗುತ್ತದೆ. ಅದು ಕಷ್ಟದ ಎಸೆತ, ಏಕೆಂದರೆ ಆಗ ಗುರಿ ಮತ್ತೆ ಚುಕ್ಕೆಯಷ್ಟೇ ಆಗಿಬಿಡುತ್ತದೆ.

ಜಾರುವ ಚೀಲವನ್ನು ನಿಲ್ಲಿಸುವುದು ಯಾರು? ಇಬ್ಬರು. ಒಬ್ಬರು ಘರ್ಷಣೆ: ಬಟ್ಟೆಗೂ ಹಲಗೆಗೂ ನಡುವಿನ ಉಜ್ಜಾಟ. ಇನ್ನೊಬ್ಬರು ಗುರುತ್ವ: ಹಲಗೆ ಏರುಮುಖವಾಗಿದೆ, ಹಾಗಾಗಿ ಭೂಮಿ ಚೀಲವನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಮೇಲೇರುವಾಗ ಇಬ್ಬರೂ ಸೇರಿ ಬ್ರೇಕ್ ಹಾಕುತ್ತಾರೆ. ಚೀಲ ನಿಂತ ಮರುಕ್ಷಣವೇ ಇಬ್ಬರಿಗೂ ಜಗಳ. ಗುರುತ್ವ 'ಕೆಳಗೆ ಬಾ' ಅನ್ನುತ್ತದೆ, ಘರ್ಷಣೆ 'ಬಿಡೆ' ಅನ್ನುತ್ತದೆ. ನಾಲ್ಕಡಿ ಉದ್ದಕ್ಕೆ ಎಂಟೊಂಬತ್ತು ಇಂಚು ಏರಿದರೆ ಇಳಿಜಾರು ಸುಮಾರು 10 ಡಿಗ್ರಿ. ಅಷ್ಟು ಸಣ್ಣ ಕೋನದಲ್ಲಿ ಗೆಲ್ಲುವುದು ಘರ್ಷಣೆಯೇ, ಆದ್ದರಿಂದ ಚೀಲ ನಿಂತಲ್ಲೇ ನಿಲ್ಲುತ್ತದೆ. ಹಲಗೆಯನ್ನು ಇನ್ನೂ ಕಡಿದಾಗಿ ನಿಲ್ಲಿಸಿದ್ದರೆ ಚೀಲವೆಲ್ಲ ಜಾರಿ ಕೆಳಗೆ ಬೀಳುತ್ತಿತ್ತು, 1 ಅಂಕ ಯಾರಿಗೂ ಸಿಗುತ್ತಿರಲಿಲ್ಲ. ಪೂರ್ತಿ ಮಟ್ಟಸವಾಗಿ ಮಲಗಿಸಿದ್ದರೆ ಬ್ರೇಕ್ ಸಾಲದೆ ಚೀಲ ತೂತನ್ನು ದಾಟಿ ಹೋಗುವುದು ಸುಲಭವಾಗುತ್ತಿತ್ತು.

ಚೀಲದ ವಿಷಯ ಇನ್ನೂ ಸೊಗಸು. ಅದು 6 ಇಂಚಿನ ಚೌಕ. ತೂಕ ಒಂದು ಪೌಂಡಿನ ಆಸುಪಾಸು, ಅಂದರೆ 450 ಗ್ರಾಂ. ಈಗ ತಲೆ ಓಡಿಸಿ. ತೂತೂ 6 ಇಂಚು, ಚೀಲವೂ 6 ಇಂಚು. ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೆ ಎಷ್ಟು? ಸುಮಾರು ಎಂಟೂವರೆ ಇಂಚು! ಹಾಗಿದ್ದರೆ ಚೀಲ ತೂತಿನೊಳಗೆ ಹೋಗುವುದು ಹೇಗೆ?

ರಟ್ಟಿನಲ್ಲಿ 6 ಇಂಚಿನ ದುಂಡು ತೂತು ಕತ್ತರಿಸಿ, ಅದರ ಮೇಲೆ 6 ಇಂಚಿನ ಚೌಕ ರಟ್ಟನ್ನು ಮಲಗಿಸಿ. ನಾಲ್ಕು ಮೂಲೆಗಳೂ ಅಂಚಿಗೆ ತಗುಲಿ ಅದು ಅಲ್ಲೇ ಕೂರುತ್ತದೆ. ಈಗ ರಟ್ಟಿನ ಬದಲು ಅದೇ ಅಳತೆಯ ಕಾಳಿನ ಚೀಲ ಇಡಿ. ನಡುವಿನ ಕಾಳು ಜಗ್ಗುತ್ತದೆ, ಮೂಲೆಗಳು ಮಡಚಿಕೊಳ್ಳುತ್ತವೆ, ಚೀಲ ಗುಳುಂ ಎಂದು ಒಳಗೆ ಹೋಗುತ್ತದೆ. ಗಟ್ಟಿ ವಸ್ತುವಿಗೆ ಮುಚ್ಚಿದ ಬಾಗಿಲು ಮೆತ್ತನೆಯ ವಸ್ತುವಿಗೆ ತೆರೆದಿದೆ. ಆದರೆ ಮೂಲೆಗಳು ಮಡಚಿಕೊಳ್ಳಲು ಚೀಲದೊಳಗೆ ಒಂದಿಷ್ಟು ಖಾಲಿ ಜಾಗ ಇರಲೇಬೇಕು. ಬಿಗಿಯಾಗಿ ತುರುಕಿದರೆ ಅದೂ ರಟ್ಟಿನ ಹಾಗೆ ತೂತಿನ ಮೇಲೆ ಕೂತುಬಿಡುತ್ತದೆ. ಅಗಲ, ತೂಕ ಎರಡನ್ನೂ ನಿಯಮದಲ್ಲಿ ಕಟ್ಟಿಹಾಕಿರುವುದು ಇದಕ್ಕೇ. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ಪ್ರಯೋಜನವಿಲ್ಲ.

ತೂತು ದುಂಡಗೇ ಯಾಕಿರಬೇಕು? 1883ರಲ್ಲಿ ಹೇಲಿಗರ್ ಡಿ ವಿಂಟ್ ಎಂಬಾತ ಅಮೆರಿಕದಲ್ಲಿ ಇಂಥದ್ದೇ ಆಟವೊಂದಕ್ಕೆ ಪೇಟೆಂಟ್ ಪಡೆದಿದ್ದ. ಅವನ ಹಲಗೆಯಲ್ಲಿದ್ದದ್ದು ಚೌಕ ತೂತು. ಚೌಕಕ್ಕೆ ಪಕ್ಕದಿಂದ ಒಂದು ಅಗಲ, ಮೂಲೆಯಿಂದ ಇನ್ನೊಂದು ಅಗಲ. ದುಂಡು ತೂತಿಗೆ ಆ ತಕರಾರಿಲ್ಲ. ಚೀಲ ಎಡದಿಂದ ಬರಲಿ, ಬಲದಿಂದ ಬರಲಿ, ಎದುರಿಗೆ ಸಿಗುವ ಅಗಲ ಅದೇ 6 ಇಂಚು. ನನಗಂತೂ ದುಂಡು ತೂತೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಚೀಲದೊಳಗೆ ಮೊದಲಿಂದ ತುಂಬುತ್ತಿದ್ದದ್ದು ಒಣಗಿದ ಮೆಕ್ಕೆಜೋಳದ ಕಾಳು. ದನಕರುಗಳಿಗೆ ಹಾಕುವ ಜೋಳ, ಓಹಿಯೋದ ರೈತರ ಕಣಜದಲ್ಲಿ ಬೇಕಾದಷ್ಟು. ಈಗ ದೊಡ್ಡ ಪಂದ್ಯಗಳಲ್ಲಿ ಜೋಳದ ಜಾಗಕ್ಕೆ ಪ್ಲಾಸ್ಟಿಕ್ಕಿನ ಸಣ್ಣ ಗುಂಡುಗಳು ಬಂದಿವೆ. ಕಾಳು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗುವುದನ್ನು ನೋಡಿದ್ದೀರಲ್ಲ, ಕಾಳಿಗೂ ಆ ತೇವ ಬಿಡದು. ತೇವ ಹೀರಿದರೆ ತೂಕ ಬದಲಾಗುತ್ತದೆ. ಎಸೆದೆಸೆದು ಕಾಳು ಒಡೆದರೆ ಪುಡಿಯಾಗಿ ಬಟ್ಟೆಯ ಸಂದಿನಿಂದ ಹೊರಬೀಳುತ್ತದೆ. ಚೀಲ ಹಗುರವಾಗುತ್ತದೆ, ಆ ಪುಡಿ ಹಲಗೆಯ ಮೇಲೆ ಹರಡಿ ಜಾರಿಕೆಯನ್ನೂ ಬದಲಿಸುತ್ತದೆ. ಜೊತೆಗೆ ಹುಳ ಬೀಳುವುದು, ಇಲಿ ಕಡಿಯುವುದು ಬೇರೆ. ಪ್ಲಾಸ್ಟಿಕ್ ಗುಂಡಿಗೆ ಈ ರಗಳೆಯಿಲ್ಲ. ಆದರೂ ಹಿತ್ತಲಲ್ಲಿ ಸುಮ್ಮನೆ ಆಡುವವರಿಗೆ ಜೋಳವೇ ಚೆಂದ. ಚೀಲ ಹರಿದರೆ ಕೋಳಿಗಳಿಗೆ ಹಾಕಬಹುದು.

ದೊಡ್ಡ ಆಟಗಾರರ ಚೀಲಕ್ಕೆ ಎರಡು ಮುಖ. ಒಂದು ಕಡೆ ನುಣುಪು ಬಟ್ಟೆ, ಇನ್ನೊಂದು ಕಡೆ ತರಿ ಬಟ್ಟೆ. ಜಾರಬೇಕಾದರೆ ನುಣುಪು ಮುಖ ಕೆಳಗೆ ಬರುವಂತೆ ಎಸೆಯುತ್ತಾರೆ. ಎದುರಾಳಿಗೆ ಅಡ್ಡವಾಗಿ ನಿಲ್ಲಬೇಕಾದರೆ ತರಿ ಮುಖ. ಆದರೆ ಗಾಳಿಯಲ್ಲಿ ಹೋಗುವ ಚೀಲ ಮಗುಚಿಕೊಂಡರೆ ಈ ಜಾಣತನವೆಲ್ಲ ನೀರುಪಾಲು. ಅದಕ್ಕೆ ಕೈಯಿಂದ ಬಿಡುವಾಗ ಬೆರಳುಗಳಿಂದ ಸಣ್ಣಗೆ ತಿರುಗಿಸಿ ಬಿಡುತ್ತಾರೆ. ತಿರುಗುತ್ತಿರುವ ಬುಗುರಿ ವಾಲದೆ ನಿಲ್ಲುವ ಹಾಗೆ, ತಿರುಗುವ ಚೀಲವೂ ಮಗುಚದೆ ಮಟ್ಟಸವಾಗಿ ಹೋಗುತ್ತದೆ. ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇನ್ನು ದೂರ. ಎದುರುಬದುರಾಗಿ ಎರಡು ಹಲಗೆ ಇಡುತ್ತಾರೆ. ಒಂದರ ಮುಂದಂಚಿನಿಂದ ಇನ್ನೊಂದರ ಮುಂದಂಚಿಗೆ 27 ಅಡಿ. ಎಸೆಯುವವರು ತಮ್ಮ ಕಡೆಯ ಹಲಗೆಯ ಪಕ್ಕದಲ್ಲಿ ನಿಂತು, ಅದರ ಮುಂದಂಚಿನ ಗೆರೆಯನ್ನು ಕಾಲಲ್ಲಿ ದಾಟದೆ ಎಸೆಯಬೇಕು. ದಾಟಿದರೆ ಆ ಎಸೆತ ಲೆಕ್ಕಕ್ಕಿಲ್ಲ. ಎದುರಿನ ತೂತು ಅಲ್ಲಿಂದ 30 ಅಡಿಗೂ ಸ್ವಲ್ಪ ಆಚೆ, ಸುಮಾರು 9 ಮೀಟರ್. ಕೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ ಎಸೆದರೆ ಚೀಲ ಪರವಲಯದ ಹಾದಿಯಲ್ಲಿ ಏರಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಅದು ಕೈ ಬಿಡುವಾಗ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿರಬೇಕು, ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ. ಮಕ್ಕಳ ಪಂದ್ಯಗಳಲ್ಲಿ ಹಲಗೆಗಳನ್ನು 21 ಅಡಿಗೆ ಹತ್ತಿರ ತರುವುದುಂಟು.

ಅಂಕ ಎಣಿಸುವ ರೀತಿ ನನಗೆ ತುಂಬ ಹಿಡಿಸಿದ್ದು. ಒಂದು ಸುತ್ತಿನಲ್ಲಿ ಇಬ್ಬರಿಗೂ ನಾಲ್ಕು ನಾಲ್ಕು ಚೀಲ, ಒಬ್ಬರಾದ ಮೇಲೆ ಒಬ್ಬರು ಎಸೆಯಬೇಕು. ರಮ್ಯ ಒಂದನ್ನು ತೂತಿಗೆ ಹಾಕಿ, ಎರಡನ್ನು ಹಲಗೆಯ ಮೇಲೆ ನಿಲ್ಲಿಸಿದಳು ಅನ್ನಿ: 3 + 1 + 1, ಒಟ್ಟು 5. ಇಮ್ರಾನ್ ಒಂದನ್ನು ತೂತಿಗೆ ಹಾಕಿ, ಒಂದನ್ನು ಹಲಗೆಯ ಮೇಲೆ ನಿಲ್ಲಿಸಿದ: 4. ಐದರಲ್ಲಿ ನಾಲ್ಕು ಕಳೆದು ರಮ್ಯಳಿಗೆ 1 ಅಂಕ, ಇಮ್ರಾನನಿಗೆ ಸೊನ್ನೆ. ಮೊದಲು 21 ಮುಟ್ಟಿದವರು ಗೆದ್ದ ಹಾಗೆ. ಇಬ್ಬರೂ ನಾಲ್ಕಕ್ಕೆ ನಾಲ್ಕನ್ನೂ ತೂತಿಗೆ ಹಾಕಿದರೆ ಹನ್ನೆರಡರಲ್ಲಿ ಹನ್ನೆರಡು ಹೋಗಿ ಇಬ್ಬರಿಗೂ ಸೊನ್ನೆಯೇ! ಇನ್ನೊಂದು ಮಾತು: ಮೊದಲು ನೆಲಕ್ಕೆ ಬಡಿದು ಆಮೇಲೆ ಹಲಗೆ ಹತ್ತಿದ ಚೀಲಕ್ಕೆ ಅಂಕವಿಲ್ಲ, ಅದನ್ನು ಕೂಡಲೇ ತೆಗೆದುಬಿಡಬೇಕು. ಹಲಗೆಯ ಮೇಲಿದ್ದರೂ ಒಂದು ತುದಿ ನೆಲಕ್ಕೆ ತಾಗುತ್ತಿದ್ದರೆ ಅದಕ್ಕೂ ಸೊನ್ನೆ.

ಅಳತೆ ಸ್ವಲ್ಪ ತಪ್ಪಿದರೆ ಏನಾದೀತು ಅನ್ನುತ್ತೀರಾ? 2022ರ ಆಗಸ್ಟ್‌ನಲ್ಲಿ ದಕ್ಷಿಣ ಕೆರೊಲಿನಾದ ರಾಕ್ ಹಿಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಕತೆ ಕೇಳಿ. ಆಟ ಟಿವಿಯಲ್ಲಿ ಬರುತ್ತಿರುವಾಗಲೇ ಒಂದು ಜೋಡಿ, ಎದುರಾಳಿಗಳ ಚೀಲ ಚಿಕ್ಕದಿದೆ ಎಂದು ದೂರು ಕೊಟ್ಟಿತು. ಅಳೆದರು. ನಿಜಕ್ಕೂ ಚಿಕ್ಕದೇ. ಆಗ ಆ ಕಡೆಯವರು, ಇವರ ಚೀಲವನ್ನೂ ಅಳೆಯಿರಿ ಎಂದರು. ಅಳೆದರೆ ಅದೂ ನಿಯಮಕ್ಕೆ ಸರಿಯಿಲ್ಲ! ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ತೀರ್ಮಾನಿಸಿ, ಅವೇ ಚೀಲಗಳಲ್ಲಿ ಆಟ ಮುಂದುವರಿಸಿದರು. ಚೀಲ ಚಿಕ್ಕದಾದರೆ ಲಾಭವೇನು ಎಂದು ನಿಮಗೀಗ ಗೊತ್ತು. ತೂತು ಮಾತ್ರ ಅದೇ 6 ಇಂಚು, ಚೀಲ ಕುಗ್ಗಿದಷ್ಟೂ ಒಳಗೆ ಹೋಗುವುದು ಸಲೀಸು.

ನೀವೂ ಆಡಿ ನೋಡಬಹುದು. ಪ್ಲೈವುಡ್ ಬೇಕೆಂದಿಲ್ಲ, ಫ್ರಿಡ್ಜ್ ಬಂದ ದಪ್ಪ ರಟ್ಟಿನ ಪೆಟ್ಟಿಗೆ ಸಾಕು. ತೂತು ಕತ್ತರಿಸುವ ಕೆಲಸ ಮಾತ್ರ ಅಪ್ಪ ಅಮ್ಮನದು. ಎಂಟು ಚೀಲ ಹೊಲಿಸಿಕೊಳ್ಳಿ, ನಾಲ್ಕಕ್ಕೆ ರಾಗಿ, ನಾಲ್ಕಕ್ಕೆ ಕಡಲೆ ತುಂಬಿ. ಪ್ರತಿಯೊಂದನ್ನೂ ಅಡುಗೆಮನೆಯ ತಕ್ಕಡಿಯಲ್ಲೋ ಅಂಗಡಿಯಲ್ಲೋ ತೂಗಿಸಿ ಸರಿಸಮ ಮಾಡಿ. ರಾಗಿಯ ಚೀಲ ಹೆಚ್ಚು ಜಾರುತ್ತದೋ, ಕಡಲೆಯದೋ? ನುಣುಪು ಬಟ್ಟೆ ಒಳ್ಳೆಯದೋ, ಗೋಣಿಬಟ್ಟೆಯೋ? ಒಣ ದಿನ ಹೇಗೆ, ಮಳೆ ಬಂದ ದಿನ ಹೇಗೆ? ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸ್ಕೇಲು ಇಟ್ಟು ಅಳೆದು, ಸಿಕ್ಕಿದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.