ಪರರಾಷ್ಟ್ರದ ಪ್ರಜಾಸಂಘಗಳಿಗೆ ಸರ್ಕಾರಗಳು ಕೊಡುವ ದತ್ತಿ

 

ಮಹೋತ್ಸವದ ಈ ಉಪನ್ಯಾಸಮಾಲೆಯಲ್ಲಿ ದಾನವನ್ನು ಕುರಿತು ನಾಲ್ಕು ಮಾತನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿರುವುದು. ದಾಸೋಹವನ್ನು ನಿತ್ಯವೂ ಕಣ್ಣಾರೆ ಕಾಣುವ ನಿಮಗೆ ಅದರ ಮಹಿಮೆಯನ್ನು ನಾನು ಬಣ್ಣಿಸಬೇಕಾದುದಿಲ್ಲ. ಆದಕಾರಣ ಈ ಕಾಲದ ಒಂದು ವಿಚಿತ್ರವಾದ ದಾನವನ್ನೇ ಆರಿಸಿಕೊಂಡಿರುವೆನು. ಒಂದು ರಾಷ್ಟ್ರದ ಸರ್ಕಾರವು ತನ್ನ ಬೊಕ್ಕಸದ ಹಣವನ್ನು ಮತ್ತೊಂದು ರಾಷ್ಟ್ರದ ಪ್ರಜೆಗಳು ಕಟ್ಟಿಕೊಂಡ ಸಂಘಗಳಿಗೆ ಕೊಡುವುದುಂಟು. ಅಲ್ಲಿಯ ಸರ್ಕಾರಕ್ಕಲ್ಲ, ಸಂಘಗಳಿಗೆ. ಪ್ರಜಾಪ್ರಭುತ್ವಕ್ಕಾಗಿಯೂ ಮಾನವ ಹಕ್ಕುಗಳಿಗಾಗಿಯೂ ಅವು ದುಡಿಯಲೆಂಬುದು ಇದರ ಉದ್ದೇಶ. ಇದು ಧರ್ಮವೋ, ರಾಜತಂತ್ರವೋ?

ಎರಡನೆಯ ಮಹಾಯುದ್ಧವು ಮುಗಿದ ಬಳಿಕ ಅಮೆರಿಕದ ಗುಪ್ತಚರ ಇಲಾಖೆಯು ವಿದ್ಯಾರ್ಥಿಸಂಘಗಳಿಗೂ, ಕಾರ್ಮಿಕಸಂಘಗಳಿಗೂ, ಪತ್ರಿಕೆಗಳಿಗೂ ಕಾಣದ ಕೈಯಿಂದ ಹಣವನ್ನು ಒದಗಿಸುತ್ತಿದ್ದಿತು. 1967ರಲ್ಲಿ ಗುಟ್ಟು ರಟ್ಟಾಯಿತು. ಹಣವು ಎಲ್ಲಿಂದ ಬಂದುದೆಂಬುದನ್ನೇ ಅರಿಯದಿದ್ದ ಎಷ್ಟೋ ಪ್ರಾಮಾಣಿಕರು ಅಪಕೀರ್ತಿಗೆ ಗುರಿಯಾದರು. 1982ನೆಯ ಜೂನ್ 8ರಂದು ಅಧ್ಯಕ್ಷ ರೇಗನ್ನರು ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರ ಮುಂದೆ ಮಾತನಾಡುತ್ತ, ಈ ಸಹಾಯವನ್ನು ಬಹಿರಂಗವಾಗಿಯೇ ಮಾಡುವ ಅಭಿಪ್ರಾಯವನ್ನು ಸೂಚಿಸಿದರು. ಮರುವರ್ಷ, ಅಂದರೆ 1983ರಲ್ಲಿ, ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ ಎಂಬ ದತ್ತಿಸಂಸ್ಥೆಯು ಹುಟ್ಟಿತು. ಹೆಸರಿಗೆ ಅದು ಖಾಸಗಿ. ಹಣ ಮಾತ್ರ ಅಲ್ಲಿಯ ಕಾಂಗ್ರೆಸ್ ಸಭೆಯು ವರ್ಷವರ್ಷವೂ ಮಂಜೂರು ಮಾಡುವಂಥದು. ಬ್ರಿಟನ್ ದೇಶವು 1992ರಲ್ಲಿ ಇಂಥದೇ ಸಂಸ್ಥೆಯೊಂದನ್ನು ಸ್ಥಾಪಿಸಿತು. ಜರ್ಮನಿಯ ರಾಜಕೀಯ ಪಕ್ಷಗಳ ಪ್ರತಿಷ್ಠಾನಗಳಾದರೋ ಇವೆರಡಕ್ಕಿಂತಲೂ ಹಿಂದಿನವು.

ನಮ್ಮ ನಾಡಿನ ದತ್ತಿಶಾಸನಗಳನ್ನು ನೋಡಿದವರಿಗೆ ಈ ಬದಲಾವಣೆಯ ಅರ್ಥವು ಬೇಗನೆ ಹೊಳೆಯುವುದು. ಕೊಟ್ಟವನಾರು, ಪಡೆದವನಾರು, ಭೂಮಿಯ ಎಲ್ಲೆ ಯಾವುದು, ಸಾಕ್ಷಿಗಳಾರು ಎಂಬುದೆಲ್ಲವನ್ನೂ ಕಲ್ಲಿನಲ್ಲಿ ಕೊರೆದು ಊರಿನ ಕಣ್ಣೆದುರಿಗೆ ನಿಲ್ಲಿಸುತ್ತಿದ್ದರು. ಕತ್ತಲೆಯಲ್ಲಿ ಕೊಟ್ಟುದು ಲಂಚವೆನಿಸೀತು; ಕಲ್ಲಿನಲ್ಲಿ ಬರೆದುದು ದತ್ತಿ. ಆದರೂ ಅದು ದಾಸೋಹವಾಗದು. ದಾಸೋಹವು ಸ್ವಂತ ಕಾಯಕದ ಫಲವನ್ನು ಅಹಂಕಾರವಿಲ್ಲದೆ ಸಮರ್ಪಿಸುವುದು. ಸರ್ಕಾರದ ಕೈಯಲ್ಲಿರುವುದು ತೆರಿಗೆ ತೆತ್ತವರ ಕಾಯಕದ ಫಲ, ಮತ್ತು ಅದಕ್ಕೊಂದು ಸ್ವಹಿತವೂ ಉಂಟು.

ಹಾಗಾದರೆ ಇಂಥ ಹಣದಿಂದ ಪ್ರಯೋಜನವೇ ಇಲ್ಲವೆ? ಪೋಲೆಂಡಿನ ವೃತ್ತಾಂತವನ್ನು ನೋಡಿರಿ. 1980ನೆಯ ಆಗಸ್ಟಿನಲ್ಲಿ ಗ್ಡಾನ್ಸ್ಕ್ ನಗರದ ಹಡಗುಕಟ್ಟೆಯ ಕಾರ್ಮಿಕರು ಕೆಲಸ ನಿಲ್ಲಿಸಿದುದರಿಂದ ಸಾಲಿಡಾರಿಟಿ ಎಂಬ ಸಂಘವು ಮೈದಳೆಯಿತು. ಒಂದು ವರ್ಷದೊಳಗೆ ಅದರ ಸದಸ್ಯರು ಸುಮಾರು ಒಂದು ಕೋಟಿಯಾದರು. 1981ನೆಯ ಡಿಸೆಂಬರ್ 13ರಂದು ಸೈನಿಕ ಶಾಸನವು ಜಾರಿಗೆ ಬಂದು, ನಾಯಕರು ಸೆರೆಯಾದರು, ಸಂಘವು ಭೂಗತವಾಯಿತು. ಅಮೆರಿಕದ ಕಾರ್ಮಿಕ ಮಹಾಸಂಘದ ಮೂಲಕ ಈ ದತ್ತಿಯ ಹಣವು ಹರಿದುದು ಇಂಥ ಕಾಲದಲ್ಲಿ. ಅದು ಮುದ್ರಣಕ್ಕೂ ಮಸಿಗೂ ಕಾಗದಕ್ಕೂ ಸಂದಿತು. 1989ನೆಯ ಜೂನ್ 4ರ ಚುನಾವಣೆಯಲ್ಲಿ ಸಂಘದವರು ಜಯಶೀಲರಾದರು. ಅಮೆರಿಕದ ಹಣವೇ ಪೋಲೆಂಡನ್ನು ಬಿಡಿಸಿತೆಂಬವರುಂಟು. ನಾನು ಒಪ್ಪಲಾರೆ. ಆ ಕೋಟಿ ಜನರು ಸೇರಿದಾಗ ದತ್ತಿಸಂಸ್ಥೆಯು ಇನ್ನೂ ಹುಟ್ಟಿಯೇ ಇರಲಿಲ್ಲ! ಬೇರು ಅವರದು, ಬರಗಾಲದಲ್ಲಿ ಎರೆದ ನೀರು ಹೊರಗಿನದು. ಆ ನೀರನ್ನು ಅಲ್ಲಗಳೆಯುವುದೂ ನ್ಯಾಯವಲ್ಲ.

ಚಿಲಿ ದೇಶದ ಸಂಗತಿಯು ಇನ್ನೂ ತೊಡಕಿನದು. 1970ರಲ್ಲಿ ಚುನಾಯಿತರಾದ ಅಧ್ಯಕ್ಷ ಅಯೆಂದೆಯವರ ಆಳಿಕೆಯನ್ನು ಕೆಡಿಸಲು ಅಮೆರಿಕವು ಗುಪ್ತವಾಗಿ ಹಣವನ್ನು ಚೆಲ್ಲಿದ್ದಿತು. 1973ರಲ್ಲಿ ಸೇನಾಪತಿ ಪಿನೊಚೆಯು ರಾಜ್ಯವನ್ನು ಕಿತ್ತುಕೊಂಡನು. ಅದೇ ಅಮೆರಿಕವು 1988ನೆಯ ಅಕ್ಟೋಬರ್ 5ರ ಜನಮತಗಣನೆಗೆ ಮುಂಚೆ ಮತದಾರರ ನೋಂದಣಿಗಾಗಿಯೂ, ಆತನ ವಿರೋಧಿಗಳ ತರಬೇತಿಗಾಗಿಯೂ ಬಹಿರಂಗವಾಗಿ ಹಣವಿತ್ತಿತು. ನೂರಕ್ಕೆ ಸುಮಾರು 56 ಮಂದಿ ಆತನು ಬೇಡವೆಂದರು. ದಾತೃವಿನ ಚರಿತ್ರೆಯು ಅಶುದ್ಧವೆಂದು ಆ ಮತದಾರನು ನೋಂದಣಿಯ ಚೀಟಿಯನ್ನು ಹರಿಯಬೇಕಾಗಿದ್ದಿತೆ? ಇದಕ್ಕೆ ಉತ್ತರ ಹೇಳುವ ಅಧಿಕಾರವು ಚಿಲಿಯವರದೇ ಹೊರತು ಸುರಕ್ಷಿತವಾಗಿ ಕುಳಿತಿರುವ ನಮ್ಮದಲ್ಲ.

ಹಣ ಬರುವ ದೇಶದ ಸರ್ಕಾರಗಳು ಇದನ್ನು ಸಹಿಸದಿರುವುದೂ ಸಹಜವೇ. ರಷ್ಯವು 2012ರಲ್ಲಿ ಇಂಥ ಹಣ ಪಡೆವ ಸಂಘಗಳಿಗೆ ಪರದೇಶದ ಏಜೆಂಟರೆಂಬ ಹಣೆಪಟ್ಟಿಯನ್ನು ಕಟ್ಟಿತು. ಈಜಿಪ್ಟಿನಲ್ಲಿ 2013ರಲ್ಲಿ ಈ ಬಗೆಯ ಸಂಸ್ಥೆಗಳ 43 ಮಂದಿ ಕೆಲಸಗಾರರು ಶಿಕ್ಷೆಗೊಳಗಾದರು. ನಮ್ಮ ಭಾರತವು ಎರಡು ಕಡೆಯಲ್ಲಿಯೂ ನಿಂತಿರುವುದು ಗಮನಾರ್ಹವಾಗಿದೆ. 2005ರಲ್ಲಿ ವಿಶ್ವಸಂಸ್ಥೆಯು ತೆರೆದ ಪ್ರಜಾಪ್ರಭುತ್ವ ನಿಧಿಗೆ ಹೆಚ್ಚಾಗಿ ಕೊಟ್ಟವರಲ್ಲಿ ನಾವೂ ಒಬ್ಬರು. ಆ ನಿಧಿಯ ಬಹುಭಾಗವು ಸಲ್ಲುವುದು ಪ್ರಜಾಸಂಘಗಳಿಗೇ. ಮನೆಯೊಳಗೆ ಬರುವ ಪರದೇಶದ ಹಣಕ್ಕಾದರೋ 1976ರಲ್ಲಿಯೇ ಕಾಯಿದೆಯ ಬೇಲಿ ಬಿದ್ದಿತು. 2010ರಲ್ಲಿ ಹೊಸ ಕಾಯಿದೆ ಬಂದಿತು, 2020ರಲ್ಲಿ ಅದು ಮತ್ತಷ್ಟು ಬಿಗಿಯಾಯಿತು. ಮಠಮಾನ್ಯಗಳ ಲೆಕ್ಕವನ್ನು ನೋಡುವವರಿಗೆ ಈ ಕಾಯಿದೆಯ ಪರಿಚಯವು ಚೆನ್ನಾಗಿರುವುದು.

ಕೊನೆಯದಾಗಿ ಒಂದು ಸಂಗತಿ. ಹಳೆಯ ಶಾಸನಗಳ ಕಡೆಯಲ್ಲಿ, ಕೊಟ್ಟ ದತ್ತಿಯನ್ನು ಕಿತ್ತುಕೊಂಡವನಿಗೆ ಘೋರವಾದ ಶಾಪವನ್ನು ಬರೆದಿರುವರಷ್ಟೆ. ವರ್ಷವರ್ಷದ ಮಂಜೂರಾತಿಗೆ ಅಂಥ ರಕ್ಷೆಯಿಲ್ಲ. 2025ರ ಆರಂಭದಲ್ಲಿ ಅಮೆರಿಕದ ಹೊಸ ಆಡಳಿತವು ಪರದೇಶ ಸಹಾಯವನ್ನೆಲ್ಲ ತಡೆಹಿಡಿದಾಗ, ಕಾಂಗ್ರೆಸ್ ಸಭೆಯು ಮಂಜೂರು ಮಾಡಿದ್ದ ಹಣವೂ ಈ ದತ್ತಿಸಂಸ್ಥೆಯ ಕೈಸೇರದಾಯಿತು. ಮಾರ್ಚಿಯಲ್ಲಿ ಅದು ತನ್ನ ಸರ್ಕಾರದ ಮೇಲೆಯೇ ದಾವೆ ಹೂಡಿತು. ಅದರ ಹಣವನ್ನೇ ನಂಬಿ ದೂರದ ದೇಶಗಳಲ್ಲಿ ಕೆಲಸ ಮಾಡುತ್ತಿದ್ದ ಸಂಘಗಳಿಗೆ ಆ ನ್ಯಾಯಾಲಯದಲ್ಲಿ ನಿಲ್ಲುವ ಸ್ಥಾನವಿರಲಿಲ್ಲ. ಅವು ಕೆಲಸಗಾರರನ್ನು ಮನೆಗೆ ಕಳುಹಿಸಿ, ತೀರ್ಪನ್ನು ಎದುರುನೋಡಬೇಕಾಯಿತು.