ನಮ್ಮ ತಂದೆ, ತಿರುಗಿ ಬಂದ ಒಬ್ಬ ಸೈನಿಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಎಸ್ಸೆಸ್ಸೆಲ್ಸಿ ನಂತರ ಏನು ಓದಬೇಕು, ಸಾಫ್ಟ್‌ವೇರ್ ಕೆಲಸ ಹೇಗಿರುತ್ತದೆ ಎಂದು ಮಕ್ಕಳಿಗೆ ಹೇಳಿ ಅಂತ ಮುಖ್ಯೋಪಾಧ್ಯಾಯರು ಕೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಇದ್ದಾರೆ. ಹಾಗಾಗಿ ಅವರ ಒಪ್ಪಿಗೆ ಪಡೆದು, ನಮ್ಮ ತಂದೆಯವರ ಬಗ್ಗೆ ಹತ್ತು ನಿಮಿಷ ಮಾತನಾಡುತ್ತೇನೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಪಿ.ಜೆ. ಬಡಾವಣೆಯ ಹಳಬರಿಗೆ ಅವರು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ ‘ಮಿಲಿಟ್ರಿ ಮಾಮ’. ಅದಕ್ಕೂ ಮೊದಲು 17 ವರ್ಷ ಅವರು ಭಾರತೀಯ ಭೂಸೇನೆಯ ಸಿಗ್ನಲ್ಸ್ ವಿಭಾಗದಲ್ಲಿದ್ದರು.

ಸೈನಿಕ ಎಂದರೆ ಗುಂಡು ಹಾರಿಸುವವನು ಎಂದಷ್ಟೇ ನಾವು ತಿಳಿದಿರುತ್ತೇವೆ. ಗುಂಡು ಹಾರಿಸುವವನಿಗೆ ಆಜ್ಞೆ ತಲುಪಬೇಕು, ಅವನ ಸುದ್ದಿ ಹಿಂದಕ್ಕೆ ಬರಬೇಕು. ತಂತಿ ಎಳೆಯುವುದು, ರೇಡಿಯೋ ನಡೆಸುವುದು, ಸಂದೇಶ ಮುಟ್ಟಿಸುವುದು ಸಿಗ್ನಲ್ಸ್‌ನವರ ಕೆಲಸ. ಈ ವಿಭಾಗ ಶುರುವಾದದ್ದು 1911ರಲ್ಲಿ. ‘ತೀವ್ರ ಚೌಕಸ್’ ಎಂಬುದು ಇದರ ಧ್ಯೇಯವಾಕ್ಯ. ಬೇಗನೆ, ಆದರೆ ಎಚ್ಚರದಿಂದ ಎಂದು ಅರ್ಥ. ತಂದೆ 1974ರಲ್ಲಿ, 19ನೇ ವಯಸ್ಸಿನಲ್ಲಿ ಸೇರಿದರು. ತರಬೇತಿ ಜಬಲ್ಪುರದಲ್ಲಿ. ಆಗ ದಾವಣಗೆರೆಗೆ ಇದ್ದದ್ದು ಮೀಟರ್ ಗೇಜ್ ರೈಲು. ತಗಡಿನ ಟ್ರಂಕು ಹೊತ್ತುಕೊಂಡು ಗಾಡಿ ಬದಲಿಸುತ್ತಾ ಹೋದ ಹುಡುಗನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಗೊತ್ತಿರಲಿಲ್ಲ. “ನನಗೆ ಹಿಂದಿಗಿಂತ ಮೊದಲು ಮೋರ್ಸ್ ಬಂತು” ಎಂದು ನಗುತ್ತಿದ್ದರು.

ಅವರ ವಿಳಾಸದಲ್ಲಿ ಯಾವತ್ತೂ ಊರಿನ ಹೆಸರು ಇರುತ್ತಿರಲಿಲ್ಲ. ಸೇನಾ ಸಂಖ್ಯೆ, ಹುದ್ದೆ, ಹೆಸರು, ಘಟಕ, ಕೊನೆಯಲ್ಲಿ ‘56 ಎ.ಪಿ.ಓ.’ ಅಷ್ಟೇ. ಕಾಶ್ಮೀರದಲ್ಲಿದ್ದರೂ ಅದೇ, ಅಸ್ಸಾಮಿನಲ್ಲಿದ್ದರೂ ಅದೇ. ಹರಿಹರದಲ್ಲಿ ಹುಟ್ಟಿ ಬೆಳೆದ ನಮ್ಮ ತಾಯಿಗೆ, ಗಂಡ ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಊರಿನ ಹೆಸರೂ ಇರಲಿಲ್ಲ. 1988ರಲ್ಲಿ ನಾನು ಹುಟ್ಟಿದ ಸುದ್ದಿಯೂ ಹೀಗೆ ಊರಿಲ್ಲದ ವಿಳಾಸಕ್ಕೇ ಹೋಯಿತು. ಆಗ ಅವರು ಶ್ರೀಲಂಕಾದ ಜಾಫ್ನಾದಲ್ಲಿದ್ದರು.

ಮಕ್ಕಳೇ, ನಿಮ್ಮ ಪಠ್ಯದಲ್ಲಿ ಈ ಅಧ್ಯಾಯ ಸಿಗುವುದು ಕಷ್ಟ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. 1987ರ ಜುಲೈ 29ರಂದು ಭಾರತ ಮತ್ತು ಶ್ರೀಲಂಕಾ ಒಪ್ಪಂದ ಮಾಡಿಕೊಂಡವು. ಅದರಂತೆ ನಮ್ಮ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು. ಶಾಂತಿ ಕಾಯಲು ಹೋದವರು ಕೆಲವೇ ತಿಂಗಳಲ್ಲಿ ಎಲ್‌ಟಿಟಿಇ ಜೊತೆ ಯುದ್ಧ ಮಾಡಬೇಕಾಯಿತು. ಆ ಅಕ್ಟೋಬರ್‌ನಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ರಾತ್ರಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಸೈನಿಕರಲ್ಲಿ ಬದುಕಿ ಉಳಿದವನು ಒಬ್ಬನೇ. ನಮ್ಮ ರೇಡಿಯೋ ಮಾತುಗಳನ್ನು ಎದುರಾಳಿಗಳು ಮೊದಲೇ ಕದ್ದು ಕೇಳಿದ್ದರು ಎಂದು ಆ ಕಾರ್ಯಾಚರಣೆಯ ಬಗ್ಗೆ ಬರೆದವರು ಹೇಳುತ್ತಾರೆ. ಕೆಲವು ವಾರಗಳ ನಂತರ ಅಲ್ಲಿಗೆ ಹೋದ ತಂದೆಗೆ, ರೇಡಿಯೋ ಮುಂದೆ ಕೂರುವಾಗಲೆಲ್ಲ ಈ ಸಂಗತಿ ನೆನಪಿರುತ್ತಿತ್ತಂತೆ. ಒಂದು ಮಾತು ಹೆಚ್ಚಾದರೆ ಯಾರದೋ ಜೀವ ಹೋಗಬಹುದು.

ಆ ಪಡೆಯ ಕೊನೆಯ ತುಕಡಿ ಶ್ರೀಲಂಕಾ ಬಿಟ್ಟದ್ದು 1990ರ ಮಾರ್ಚ್ 24ರಂದು. ಸುಮಾರು 1,200 ಭಾರತೀಯ ಸೈನಿಕರು ಅಲ್ಲಿ ಪ್ರಾಣ ಕೊಟ್ಟಿದ್ದರು. ಮದ್ರಾಸಿನಲ್ಲಿ ಇಳಿದವರನ್ನು ಸ್ವಾಗತಿಸಲು ಆಗಿನ ಮುಖ್ಯಮಂತ್ರಿಗಳೂ ಹೋಗಲಿಲ್ಲ. ಸತ್ತವರ ಹೆಸರು ಕೆತ್ತಿದ ಸ್ಮಾರಕ ಇಂದು ಕೊಲಂಬೊ ಬಳಿ ಇದೆ. ತಂದೆಯ ಘಟಕದ ಇಬ್ಬರ ಹೆಸರು ಅದರಲ್ಲಿದೆ ಎಂದು ಅವರು ಒಮ್ಮೆ ಹೇಳಿದ್ದರು. ಅದರ ಮುಂದೆ ಒಂದು ಮಾತೂ ಇಲ್ಲ.

1991ರಲ್ಲಿ ನಿವೃತ್ತರಾಗಿ ಬಂದಾಗ ಅವರಿಗೆ ಬರೀ 36 ವರ್ಷ. ನನಗೆ ಈಗ ಹತ್ತಿರ ಹತ್ತಿರ ಅದೇ ವಯಸ್ಸು. ನನ್ನ ಜೊತೆಯವರು ಈಗ ಮ್ಯಾನೇಜರ್ ಆಗುತ್ತಿದ್ದಾರೆ, ಮನೆ ಸಾಲ ತೆಗೆಯುತ್ತಿದ್ದಾರೆ. ಆ ವಯಸ್ಸಿಗೆ ಒಬ್ಬ ಸೈನಿಕನ ಮೊದಲ ಬದುಕು ಮುಗಿದಿರುತ್ತದೆ. ಸಣ್ಣ ಪಿಂಚಣಿ, ಇಬ್ಬರು ಮಕ್ಕಳು, ಬಾಡಿಗೆ ಮನೆ. ಅವರು ಬ್ಯಾಂಕಿನ ಕಾವಲುಗಾರರಾದರು, 24 ವರ್ಷ ನಿಂತರು. ಜಾಫ್ನಾದ ರೇಡಿಯೋ ಮುಂದೆ ಕೂತಿದ್ದ ಮನುಷ್ಯನಿಗೆ, ಚಲನ್ ತುಂಬಿಕೊಡಪ್ಪಾ ಎಂದು ಜನ ಹೇಳುತ್ತಿದ್ದರು. ಅವರು ಬೇಸರವಿಲ್ಲದೆ ತುಂಬಿಕೊಡುತ್ತಿದ್ದರು.

ಮನೆಯಲ್ಲಿ ಅವರದು ಒಂದು ವಿಚಿತ್ರ ಅಭ್ಯಾಸವಿತ್ತು. ತಾಯಿ ಒಳಗಿನಿಂದ ಏನು ತರಲು ಹೇಳಿದರೂ ಅದನ್ನೇ ತಿರುಗಿ ಗಟ್ಟಿಯಾಗಿ ಹೇಳಿ, ಅವರು ಹೂಂ ಅಂದ ಮೇಲೇ ಹೊರಡುತ್ತಿದ್ದರು. “ಎರಡು ಸೇರು ಮಂಡಕ್ಕಿ, ಕಾಲು ಕೆಜಿ ಪುಟಾಣಿ, ಒಂದು ಕಟ್ಟು ಕೊತ್ತಂಬರಿ.” ನಾವು ಮಕ್ಕಳು ಅಣಕಿಸುತ್ತಿದ್ದೆವು. ಬಿ.ಇ. ಓದುವಾಗ ಕಂಪ್ಯೂಟರ್ ನೆಟ್‌ವರ್ಕ್ ವಿಷಯದಲ್ಲಿ ಪಾಠ ಬಂತು: ಕಳಿಸಿದ ಸಂದೇಶಕ್ಕೆ ತಲುಪಿತು ಎಂಬ ಉತ್ತರ ಬರಬೇಕು, ಬಾರದಿದ್ದರೆ ಮತ್ತೆ ಕಳಿಸಬೇಕು. ಅಂತರ್ಜಾಲದ ಬಹುಪಾಲು ನಡೆಯುವುದು ಈ ನಿಯಮದ ಮೇಲೆ. ರಜೆಗೆ ಬಂದಾಗ ತಂದೆಗೆ ಇದನ್ನು ವಿವರಿಸಿದೆ. “ಇದಕ್ಕೆ ನಾಲ್ಕು ವರ್ಷ ಓದ್ಬೇಕೇನೋ?” ಅಂದರು.

2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕಿದ್ದು, ಫೆಬ್ರವರಿ 11ರಂದು ತೀರಿಕೊಂಡದ್ದು ನಿಮಗೆಲ್ಲ ಗೊತ್ತು. ಇಡೀ ಕರ್ನಾಟಕ ಅತ್ತಿತು. ಅದು ಸರಿಯಾದದ್ದೇ. ತಂದೆ ಆ ಆರು ದಿನ ಟಿವಿ ಮುಂದಿನಿಂದ ಏಳಲಿಲ್ಲ. ಆದರೆ ಸೇನೆಗೆ ಹೋದ ಹೆಚ್ಚಿನವರು ತಿರುಗಿ ಬರುತ್ತಾರೆ. ತ್ರಿವರ್ಣ ಹೊದ್ದು ಬಂದವರಿಗೆ ನಮ್ಮ ಊರುಗಳು ಕಣ್ಣೀರಿಡುತ್ತವೆ. ಟ್ರಂಕು ಹಿಡಿದು ನಡೆದು ಬಂದವರು ಬ್ಯಾಂಕು, ಎಟಿಎಂ, ಗಿರಣಿ, ಕಾಲೇಜುಗಳ ಗೇಟಿನಲ್ಲಿ ನಮ್ಮ ಕಣ್ಣೆದುರೇ ನಿಂತಿರುತ್ತಾರೆ. ಅವರ ಹೆಸರನ್ನೂ ನಾವು ಕೇಳಿರುವುದಿಲ್ಲ.

ಮಾಜಿ ಸೈನಿಕರ ಮನೆಯವರು ಇಲ್ಲಿದ್ದರೆ ಅವರಿಗೊಂದು ಮಾತು. ತಂದೆ ಹೋದ ಮೇಲೆ ತಾಯಿಯ ಕುಟುಂಬ ಪಿಂಚಣಿಗೆ ಹಲವು ತಿಂಗಳು ಓಡಾಡಿದೆವು. ಸೇನೆಯ ದಾಖಲೆಯಲ್ಲಿದ್ದ ಅವರ ಹೆಸರಿಗೂ ಆಧಾರ್‌ನಲ್ಲಿದ್ದ ಹೆಸರಿಗೂ ಒಂದು ಇಂಗ್ಲಿಷ್ ಅಕ್ಷರ ವ್ಯತ್ಯಾಸ. ಗಂಡ ಬದುಕಿರುವಾಗಲೇ ಪಿಂಚಣಿ ಆದೇಶ, ಡಿಸ್ಚಾರ್ಜ್ ಪುಸ್ತಕ, ಬ್ಯಾಂಕ್ ಖಾತೆ, ಆಧಾರ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಿ. ತಪ್ಪಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಗಂಡ ಇರುವಾಗ ಒಂದು ಸಹಿಯಲ್ಲಿ ಆಗುವ ಕೆಲಸಕ್ಕೆ ಆಮೇಲೆ ವಿಧವೆ ಅಲೆಯಬಾರದು.

ಕೊನೆಯದಾಗಿ ಶಾಲೆಗೆ ಒಂದು ಬೇಡಿಕೆ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಆಚರಿಸುತ್ತಾರೆ. ನಾವೂ ಇದೇ ಶಾಲೆಯಲ್ಲಿ ಆ ಪುಟ್ಟ ಧ್ವಜದ ಚೀಟಿ ಕೊಂಡು ಅಂಗಿಗೆ ಅಂಟಿಸಿಕೊಂಡಿದ್ದೇವೆ. ಇನ್ನು ಮುಂದೆ ಆ ದಿನ ಬಡಾವಣೆಯ ಒಬ್ಬ ಮಾಜಿ ಸೈನಿಕರನ್ನು ಕರೆದು ಪ್ರಾರ್ಥನೆಯ ಹೊತ್ತಿಗೆ ಹತ್ತು ನಿಮಿಷ ಮಾತನಾಡಿಸೋಣ. ಅವರು ಯುದ್ಧದ ಕಥೆಯನ್ನೇ ಹೇಳಬೇಕಾಗಿಲ್ಲ. ಮೊದಲ ಸಲ ಹಿಮ ನೋಡಿದ್ದು, ಮೊದಲ ಸಂಬಳ, ಮನೆಯಿಂದ ಬಂದ ಪತ್ರ, ಏನನ್ನಾದರೂ ಹೇಳಲಿ. ಹಾಗೆಯೇ ಈ 50 ವರ್ಷಗಳಲ್ಲಿ ನಮ್ಮ ಶಾಲೆಯಿಂದ ಸೇನೆಗೆ ಹೋದವರ ಪಟ್ಟಿಯೊಂದು ಆಗಲಿ: ಹೆಸರು, ಘಟಕ, ಸೇರಿದ ವರ್ಷ, ಬಿಟ್ಟ ವರ್ಷ. ಹುತಾತ್ಮರಾದವರೂ ಇರಲಿ, ತಿರುಗಿ ಬಂದವರೂ ಇರಲಿ. ವಿವರ ಕಲೆಹಾಕಿ ಕಂಪ್ಯೂಟರಿಗೆ ಏರಿಸುವ ಕೆಲಸ ನಾನು ಮಾಡುತ್ತೇನೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಅಂಥವರು ಇದ್ದರೆ ಇಂದೇ ಕೇಳಿ ಬರೆದುಕೊಂಡು ಬನ್ನಿ.

 ಜೈ ಹಿಂದ್, ಜೈ ಕರ್ನಾಟಕ.