ನಮ್ಮ ಬಾವಿಗಳ ನಕ್ಷೆ

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾವು ಇಲ್ಲಿ ಓದುವಾಗ ಬಾಯಾರಿದರೆ ಓಡುತ್ತಿದ್ದದ್ದು ಶಾಲೆಯ ಹಿಂದಿನ ಬಾವಿಗೆ. ಈ ಸಲ ನೋಡಿದರೆ ರಾಟೆಗೆ ಹಗ್ಗವೇ ಇಲ್ಲ. "ಮಾರ್ಚ್ ಕಳೆದರೆ ಉಪ್ಪು ಮಾರಾಯ್ರೆ, ಗಂಜಿಗೂ ಆಗುವುದಿಲ್ಲ" ಎಂದರು ಅಡುಗೆಯ ಅಕ್ಕ. ಅಂತರ್ಜಲದ ಕೆಲಸದಲ್ಲೇ ತಲೆ ಹಣ್ಣಾದವನು ನಾನು. ಆದರೂ ಆ ಮಾತು ಮನಸ್ಸಿಗೆ ತಾಗಿತು.

ಸ್ವರ್ಣಾ, ಸೀತಾ ಹೊಳೆಗಳು ಕೋಡಿಬೆಂಗ್ರೆಯ ಬಳಿ ಕಡಲು ಸೇರುವ ನಮ್ಮ ಈ ಭಾಗದಲ್ಲಿ ಮಳೆಗೆ ಬರವಿಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಆದರೆ ನಮ್ಮ ಮುರಕಲ್ಲಿನ ತುಂಬ ತೂತು. ನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಹೊಳೆಗೆ ಜಾರುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗ ಭರತದ ನೀರು ಒಳನಾಡಿನತ್ತ ಏರುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ದಡದ ಬಾವಿಗಳಿಗೆ ಅದರ ಬಿಸಿ ಮೊದಲು ತಟ್ಟುತ್ತದೆ.

ಇದು ಕಣ್ಣಿಗೆ ಕಾಣುವ ಉಪ್ಪು. ಕಾಣದ್ದು ಇನ್ನೊಂದಿದೆ. ಕಡಲ ಬದಿಯಲ್ಲಿ ಸಿಹಿನೀರು ಭೂಮಿಯೊಳಗೆ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಏಕೆಂದರೆ ಅದು ಸ್ವಲ್ಪ ಹಗುರ. ಲೆಕ್ಕದ ಪ್ರಕಾರ ಸಮುದ್ರಮಟ್ಟಕ್ಕಿಂತ ಮೇಲೆ 1 ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಪಂಪು ಹಾಕಿ ಆ 1 ಅಡಿ ಇಳಿಸಿದಿರೋ, ಕೆಳಗಿನ ಉಪ್ಪು 40 ಅಡಿ ಮೇಲೇರಲು ದಾರಿಯಾಯಿತು. ನೀರು ಸಾಲದೆಂದು ಕಡಲ ಬದಿಯಲ್ಲಿ ಬೋರ್‌ವೆಲ್ ಇನ್ನಷ್ಟು ಆಳಕ್ಕೆ ಕೊರೆಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕೇಳಿದವರು ಕಡಿಮೆ.

ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನ ಮೇಷ್ಟ್ರು ಉಪ್ಪುನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿ ಮೊಸರಿನಂಥ ಬಿಳಿ ಗಸಿ ತೋರಿಸಿದ್ದರು. ನೀರಿನ ಕ್ಲೋರೈಡ್ ಅಳೆಯಲು ಇಂದಿಗೂ ಬಳಸುವುದು ಅದೇ ರಾಸಾಯನಿಕವನ್ನು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 250 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1,000ದವರೆಗೆ ಒಪ್ಪುತ್ತಾರೆ. ಪ್ರತಿ ಬಾವಿಗೂ ಅಷ್ಟು ಮಾಡಬೇಕೆಂದಿಲ್ಲ. ನೀರಿನ ವಿದ್ಯುತ್ ವಾಹಕತೆ ನೋಡುವ ಪುಟ್ಟ ಮೀಟರನ್ನು ಅದ್ದಿದರೆ ಉಪ್ಪಿನ ಅಂದಾಜು ಕೂಡಲೇ ಸಿಗುತ್ತದೆ. ಶೌಚದ ಗುಂಡಿಯಿಂದ ಬರುವ ರೋಗಾಣು ಮಾತ್ರ ಈ ಮೀಟರಿಗೆ ಕಾಣದು. ಅದಕ್ಕೆ ಪ್ರಯೋಗಾಲಯವೇ ಬೇಕು.

ನನ್ನ ಬೇಡಿಕೆ ಇಷ್ಟು. ಒಂಬತ್ತನೇ ತರಗತಿಯ ಮಕ್ಕಳು ವರ್ಷಕ್ಕೆ ಎರಡು ಸಲ, ಪತ್ತನಾಜೆಯ ಹೊತ್ತಿಗೆ ಒಮ್ಮೆ, ಮಳೆ ನಿಂತ ಮೇಲೆ ನವೆಂಬರಿನಲ್ಲಿ ಒಮ್ಮೆ, ಊರಿನ ಬಾವಿಗಳನ್ನು ಅಳೆದು ಗ್ರಾಮನಕ್ಷೆಯಲ್ಲಿ ಬಣ್ಣ ಹಾಕಲಿ. ನೀರಿನ ಮಟ್ಟವನ್ನೂ ಹಗ್ಗ ಇಳಿಸಿ ಬರೆದುಕೊಳ್ಳಲಿ. ಒಂದು ವರ್ಷದ ನಕ್ಷೆಯಿಂದ ಹೆಚ್ಚೇನೂ ತಿಳಿಯದು. ಹತ್ತು ವರ್ಷದ್ದು ಸಾಲಾಗಿ ತೂಗುಹಾಕಿದರೆ ಉಪ್ಪಿನ ಗೆರೆ ಯಾವ ಬೈಲಿನಿಂದ ಯಾವ ಬೈಲಿಗೆ ಸರಿಯಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಬಾವಿಗಳ ನಡುವೆ ನಾವು ಎಳೆಯುವ ಗೆರೆ ಊಹೆಯೇ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಮುರಕಲ್ಲಿನ ನೆಲದಲ್ಲಿ ಐವತ್ತು ಹೆಜ್ಜೆಗೇ ನೀರಿನ ಗುಣ ಬದಲಾಗುವುದುಂಟು.

ಕೆಲವರಿಗೆ ಇದು ಇಷ್ಟವಾಗದೆಂದು ಬಲ್ಲೆ. ಬಾವಿ ಉಪ್ಪೆಂದು ನಕ್ಷೆಯಲ್ಲಿ ಬಂದರೆ ಜಾಗದ ಬೆಲೆ ಇಳಿಯುತ್ತದೆಂಬ ಹೆದರಿಕೆ. ನನ್ನ ಅಣ್ಣನೂ ನಿನ್ನೆ ರಾತ್ರಿ ಅದನ್ನೇ ಹೇಳಿದ. ನಮ್ಮ ಮನೆಯ ಬಾವಿಯನ್ನೂ ಮಕ್ಕಳು ಅಳೆಯಲಿ ಎಂದು ಅವನನ್ನು ಒಪ್ಪಿಸುವಾಗ ಹನ್ನೊಂದು ಗಂಟೆ ದಾಟಿತ್ತು.

ಮೀಟರು ತಂದಿದ್ದೇನೆ, ಅದು ಶಾಲೆಗೇ. ಊಟದ ನಂತರ ಬಾವಿಕಟ್ಟೆಯ ಹತ್ತಿರ ಇರುತ್ತೇನೆ. ನೀರು ತರುವವರು ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಸಲ ತೊಳೆದು ತುಂಬಿಸಿ, ಮೇಲೆ ಮನೆಯ ಹೆಸರು ಬರೆದು ತನ್ನಿ.